ಅರಿಶಿನಕ್ಕೆ ಸುಣ್ಣ ಬಿದ್ದ ಹಾಗೆ: ಪೊರೆಗೆ ಅಂಟಿದ್ದು ಯಾರು?

ಆರತಿ ತಟ್ಟೆಯ ನೀರನ್ನು ನೋಡಿದ್ದೀರಲ್ಲ? ಅರಿಶಿನ ಕದಡಿದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಸಾಕು, ಹಳದಿ ಹೋಗಿ ಕೆಂಪು ಬರುತ್ತದೆ. ಸುಣ್ಣ ಕರಗಿಹೋಗಿರುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಆದರೆ ಅದು ಬಂದಿದೆ ಎಂದು ಅರಿಶಿನ ಹೇಳಿಬಿಡುತ್ತದೆ. ಹೊಸದಾಗಿ ಬಂದವರಿಗೆ ಯಾರೂ ಬಣ್ಣ ಬಳಿದಿಲ್ಲ. ಮೊದಲೇ ಅಲ್ಲಿದ್ದವರ ಬಣ್ಣ ಬದಲಾಯಿತು, ಅಷ್ಟೆ.

ಜೀವಕೋಶದ ಪೊರೆಗೆ ಯಾವುದಾದರೂ ಅಣು ಬಂದು ಅಂಟಿತೇ, ಎಷ್ಟು ಗಟ್ಟಿಯಾಗಿ ಅಂಟಿತು ಎಂದು ಪತ್ತೆ ಮಾಡುವ ಒಂದು ಜಾಣ ವಿಧಾನ ಇದೇ ಉಪಾಯದ ಮೇಲೆ ನಿಂತಿದೆ. ಅಲ್ಲಿ ಅರಿಶಿನದ ಕೆಲಸ ಮಾಡುವುದು ಹೊಳೆಯುವ ಲಿಪಿಡ್‌ಗಳು. ಲಿಪಿಡ್ ಅಂದರೆ ಪೊರೆಯನ್ನು ಕಟ್ಟಿರುವ ಕೊಬ್ಬಿನಂಥ ಅಣು.

ಅಂಟುವುದರಲ್ಲಿ ಅಂಥದ್ದೇನಿದೆ ಅಂತೀರಾ? ಕಾಲರಾವನ್ನೇ ತೆಗೆದುಕೊಳ್ಳಿ. 1959ರಲ್ಲಿ ಕೋಲ್ಕತ್ತಾದ ಶಂಭುನಾಥ್ ಡೇ ಒಂದು ಸರಳ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಕಾಲರಾ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ಸೋಸಿ, ಬ್ಯಾಕ್ಟೀರಿಯಾ ಒಂದೂ ಇಲ್ಲದಂತೆ ಮಾಡಿ, ಆ ದ್ರವವನ್ನು ಮೊಲದ ಕರುಳಿನೊಳಗೆ ಬಿಟ್ಟರು. ಆದರೂ ಕರುಳಿನಲ್ಲಿ ನೀರು ತುಂಬಿತು. ಅಂದರೆ ಕೇಡು ಮಾಡುವುದು ಬ್ಯಾಕ್ಟೀರಿಯಾ ಬಿಡುವ ಒಂದು ವಿಷ. ಆ ವಿಷ ಒಂದು ಪ್ರೋಟೀನ್. ಐದು ಬಿ ತುಂಡುಗಳು ಸೇರಿ ಒಂದು ಉಂಗುರ, ಅದರ ಮೇಲೆ ಕುಳಿತ ಒಂದು ಎ ತುಂಡು. ಕರುಳಿನ ಕೋಶದೊಳಗೆ ನುಗ್ಗಿ ನೀರು, ಉಪ್ಪು ಹೊರಗೆ ಸುರಿಯುವಂತೆ ಮಾಡುವುದು ಎ. ಆದರೆ ಅದು ಒಬ್ಬಂಟಿಯಾಗಿ ಏನೂ ಮಾಡಲಾರದು. ಮೊದಲು ಉಂಗುರ ಹೋಗಿ ಪೊರೆಯನ್ನು ಹಿಡಿಯಬೇಕು. ಅದು ಹಿಡಿಯುವುದು ಜಿಎಂ1 ಎಂಬ ಲಿಪಿಡನ್ನು. ಐದು ಸಕ್ಕರೆಗಳ ತಲೆಯನ್ನು ಹೊರಗೆ ಚಾಚಿಕೊಂಡು ಪೊರೆಯಲ್ಲಿ ತೇಲುವ ಲಿಪಿಡ್ ಇದು. ಈ ಹಿಡಿತ ತಪ್ಪಿಸಿದರೆ ಕಾಲರಾ ವಿಷಕ್ಕೆ ಬಾಗಿಲೇ ಇಲ್ಲ.

ಇದೊಂದೇ ಅಲ್ಲ. ಗಾಯವಾದಾಗ ರಕ್ತ ಹೆಪ್ಪುಗಟ್ಟುವುದಕ್ಕೆ, ನರಕೋಶ ತನ್ನ ಸಂದೇಶವನ್ನು ಹೊರಗೆ ಬಿಡುವುದಕ್ಕೆ, ಎಷ್ಟೋ ಆಂಟಿಬಯಾಟಿಕ್‌ಗಳು ಕೆಲಸ ಮಾಡುವುದಕ್ಕೆ ಯಾವುದೋ ಅಣು ಮೊದಲು ಪೊರೆಗೆ ಅಂಟಲೇಬೇಕು.

ಪೊರೆ ಅಂದರೆ ಹಾಲಿನ ಕೆನೆಯೋ ಈರುಳ್ಳಿಯ ಸಿಪ್ಪೆಯೋ ನೆನಪಾಗಬಹುದು. ಎರಡೂ ಇದಕ್ಕೆ ಹೊಂದುವುದಿಲ್ಲ. ಜೀವಕೋಶದ ಪೊರೆ ಹರಿದಾಡುವಂಥದ್ದು. ಒಂದೊಂದು ಲಿಪಿಡ್‌ಗೂ ನೀರಿಗೆ ಒಗ್ಗುವ ಒಂದು ತಲೆ, ಎಣ್ಣೆಯಂಥ ಎರಡು ಬಾಲ. ನೀರಿನಲ್ಲಿ ಬಿಟ್ಟರೆ ಇವು ತಾವಾಗಿಯೇ ಬಾಲಕ್ಕೆ ಬಾಲ ಸೇರಿಸಿಕೊಂಡು ಎರಡು ಪದರವಾಗಿ ನಿಲ್ಲುತ್ತವೆ. ಎರಡು ಪದರ ಅನ್ನುವುದು 1925ರಲ್ಲಿ ನೆದರ್‌ಲೆಂಡ್ಸ್‌ನ ಗೋರ್ಟರ್ ಮತ್ತು ಗ್ರೆಂಡೆಲ್ ಕಂಡುಕೊಂಡದ್ದು. ಕೆಂಪು ರಕ್ತಕಣಗಳ ಕೊಬ್ಬನ್ನು ನೀರಿನ ಮೇಲೆ ತೆಳ್ಳಗೆ ಹರಡಿದರೆ ಕಣಗಳ ಮೈಯ ಎರಡರಷ್ಟು ಜಾಗ ಆವರಿಸುತ್ತದೆ ಎಂದು ಅವರು ಲೆಕ್ಕ ಹಾಕಿದರು. ಅವರ ಲೆಕ್ಕದಲ್ಲಿ ಎರಡು ತಪ್ಪುಗಳಿದ್ದವು. ಕೊಬ್ಬು ಪೂರ್ತಿ ಹೊರಬಂದಿರಲಿಲ್ಲ, ಕಣದ ಮೈಯನ್ನೂ ಕಡಿಮೆ ಅಂದಾಜು ಮಾಡಿದ್ದರು. ಒಂದು ತಪ್ಪು ಇನ್ನೊಂದನ್ನು ಹೊಡೆದುಹಾಕಿ ಉತ್ತರ ಮಾತ್ರ ಸರಿಯಾಗಿ ಬಂತು. ವಿಜ್ಞಾನದಲ್ಲಿ ಅದೃಷ್ಟಕ್ಕೂ ಜಾಗವಿದೆ!

ಈ ಪೊರೆಯ ದಪ್ಪ 4ರಿಂದ 5 ನ್ಯಾನೋಮೀಟರ್. ಮಾಮೂಲಿ ಕಾಗದದ ಒಂದು ಹಾಳೆಯ ದಪ್ಪಕ್ಕೆ ಸುಮಾರು 20 ಸಾವಿರ ಪೊರೆಗಳನ್ನು ಒಂದರ ಮೇಲೊಂದು ಪೇರಿಸಬೇಕು. ಇಷ್ಟು ತೆಳುವಾದ ಜಾಗಕ್ಕೆ ಬಂದು ಕೂತ ಅಣುವನ್ನು ಕಾಣುವುದು ಹೇಗೆ?

ಮೊದಲು ಹೊಳೆಯುವ ದಾರಿ ಅಂದರೆ ಬರುವ ಅಣುವಿಗೇ ಬಣ್ಣ ಕಟ್ಟುವುದು. ವಿಷದ ಪ್ರೋಟೀನ್‌ಗೆ ಹೊಳೆಯುವ ಬಣ್ಣವೊಂದನ್ನು ಜೋಡಿಸಿ, ಪೊರೆಯ ಮೇಲೆ ಸುರಿದು, ತೊಳೆದು, ಎಷ್ಟು ಹೊಳಪು ಉಳಿಯಿತು ಎಂದು ನೋಡುವುದು. ಬಹಳ ಕಡೆ ಈಗಲೂ ಹೀಗೇ ಮಾಡುತ್ತಾರೆ, ಕೆಲಸವೂ ನಡೆಯುತ್ತದೆ. ಆದರೆ ಬಣ್ಣದ ಅಣು ಅನ್ನುವುದು ಸಣ್ಣ ಹೊರೆಯಲ್ಲ. ಪ್ರೋಟೀನ್ ಯಾವ ಕಡೆಯಿಂದ ಹಿಡಿಯಬೇಕೋ ಅಲ್ಲೇ ಬಣ್ಣ ಕೂತರೆ ಹಿಡಿತ ಸಡಿಲವಾಗುತ್ತದೆ. ಎಷ್ಟೋ ಬಣ್ಣಗಳಿಗೆ ಎಣ್ಣೆಯ ಕಡೆಗೆ ಒಲವಿದೆ, ಅವು ತಾವೇ ಪೊರೆಗೆ ಅಂಟಿಕೊಂಡು ಪ್ರೋಟೀನನ್ನೂ ಎಳೆದುಕೊಂಡು ಹೋಗುತ್ತವೆ. ಆಗ ಅಂಟಿದ್ದು ಪ್ರೋಟೀನೋ ಬಣ್ಣವೋ? ಹೊಸ ಪ್ರೋಟೀನ್ ಬಂದಾಗಲೆಲ್ಲ ಈ ಬಣ್ಣ ಕಟ್ಟುವ ಕೆಲಸ ಮೊದಲಿನಿಂದ ಶುರು. ತೊಳೆಯುವಾಗ ಸಡಿಲವಾಗಿ ಹಿಡಿದವು ಕೊಚ್ಚಿಕೊಂಡು ಹೋಗುತ್ತವೆ ಅನ್ನುವುದು ಬೇರೆ.

ಹಾಗಾದರೆ ಬಣ್ಣವನ್ನು ಪೊರೆಗೇ ಇಟ್ಟರೆ?

ಪೊರೆಯ ಲಿಪಿಡ್‌ಗಳಲ್ಲಿ ನೂರಕ್ಕೆ ಅರ್ಧದಷ್ಟನ್ನು, ಅಂದರೆ 200ಕ್ಕೆ ಒಂದನ್ನು, ತಲೆಗೆ ಬಣ್ಣ ಕಟ್ಟಿದ ಲಿಪಿಡ್ ಆಗಿ ಬೆರೆಸುತ್ತಾರೆ. ಸ್ವಲ್ಪವೇ ಅಂತ ಅನ್ನಿಸಬಹುದು. ಲೆಕ್ಕ ನೋಡಿ. ಒಂದು ಲಿಪಿಡ್ ಸುಮಾರು 0.7 ಚದರ ನ್ಯಾನೋಮೀಟರ್ ಜಾಗ ಹಿಡಿಯುತ್ತದೆ. ಉದ್ದ ಅಗಲ ಒಂದೊಂದು ಮೈಕ್ರೋಮೀಟರ್ ಇರುವ ಚೂರಿನಲ್ಲಿ, ಒಂದೇ ಪದರದಲ್ಲಿ, ಸುಮಾರು 14 ಲಕ್ಷ ಲಿಪಿಡ್‌ಗಳು. ಅದರಲ್ಲಿ ಅರ್ಧ ಶೇಕಡ ಅಂದರೂ 7 ಸಾವಿರ ಪುಟ್ಟ ದೀಪಗಳಾದವು. ಮೈಕ್ರೋಸ್ಕೋಪಿಗೆ ಧಾರಾಳವಾಗಿ ಸಾಕು.

ಇವು ಹೊಳೆಯುವ ಬಗೆ ನಿಮಗೆ ಗೊತ್ತಿರುವುದೇ. ನೋಟು ಅಸಲಿಯೋ ನಕಲಿಯೋ ನೋಡಲು ಅಂಗಡಿಯವರು ನೇರಳೆ ಟಾರ್ಚ್ ಹಿಡಿಯುತ್ತಾರೆ, ನೋಟಿನ ನಂಬರು ಹೊಳೆಯುತ್ತದೆ. ಒಂದು ಬಣ್ಣದ ಬೆಳಕು ನುಂಗಿ, ಕೆಲವು ನ್ಯಾನೋಸೆಕೆಂಡುಗಳಲ್ಲಿ ಇನ್ನೊಂದು ಬಣ್ಣದ ಬೆಳಕು ಉಗುಳುವುದು. ಪಠ್ಯಪುಸ್ತಕದಲ್ಲಿ ಇದನ್ನು ಪ್ರತಿದೀಪ್ತಿ ಅನ್ನುತ್ತಾರೆ. ಅಂಥ ಟಾರ್ಚ್ ಸಿಕ್ಕರೆ ಮನೆಯಲ್ಲೇ ಒಂದು ಆಟ ಆಡಬಹುದು. ಒಂದು ಲೋಟ ನೀರಿಗೆ ಅರಿಶಿನ, ಇನ್ನೊಂದರಲ್ಲಿ ಅಡುಗೆ ಎಣ್ಣೆಗೆ ಅರಿಶಿನ. ಕತ್ತಲಲ್ಲಿ ಟಾರ್ಚ್ ಬಿಟ್ಟರೆ ಎಣ್ಣೆಯದು ಹಸಿರುಮಿಶ್ರಿತ ಹಳದಿಯಾಗಿ ಹೊಳೆಯುತ್ತದೆ, ನೀರಿನದು ಮಂಕು. (ಬೆಳಕನ್ನು ಕಣ್ಣಿಗೆ ಮಾತ್ರ ಬಿಟ್ಟುಕೊಳ್ಳಬೇಡಿ.) ಅರಿಶಿನದ ಕರ್ಕ್ಯುಮಿನ್ ತಾನು ನೀರಿನಲ್ಲಿದೆಯೋ ಎಣ್ಣೆಯಲ್ಲಿದೆಯೋ ಎಂಬುದನ್ನು ಬೆಳಕಿನಲ್ಲೇ ಹೇಳುತ್ತದೆ. ಬಣ್ಣದ ಅಣುಗಳ ಈ ಗುಣವೇ ನಮಗೆ ಬೇಕಾದದ್ದು: ನೆರೆಹೊರೆ ಬದಲಾದರೆ ಹೊಳಪೂ ಬದಲಾಗಬೇಕು.

ನೆರೆಹೊರೆ ಬದಲಾಗುವುದು ಹಲವು ಥರ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಹುಳಿಯ ಲೆಕ್ಕ.

ಅಮೆರಿಕದ ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿದ್ದಾಗ ಪಾಲ್ ಕ್ರೀಮರ್ ಅವರ ತಂಡ 2009ರಲ್ಲಿ ಇದನ್ನು ಮಾಡಿ ತೋರಿಸಿತು. ಅವರು ಆರಿಸಿಕೊಂಡದ್ದು ಟೆಕ್ಸಸ್ ರೆಡ್ ಎಂಬ ಕೆಂಪು ಬಣ್ಣ ಕಟ್ಟಿದ ಲಿಪಿಡ್. ಅಂಗಡಿಯಿಂದ ತಂದ ಸೀಸೆಯಲ್ಲಿ ಇದು ಎರಡು ರೂಪಗಳ ಮಿಶ್ರಣ. ಅಣುವಿನಲ್ಲಿ ಲಿಪಿಡ್ ಜೋಡಣೆಯಾದ ಜಾಗವಷ್ಟೇ ಬೇರೆ. ಒಂದಕ್ಕೆ ಆರ್ಥೊ, ಇನ್ನೊಂದಕ್ಕೆ ಪ್ಯಾರಾ ಎಂದು ಹೆಸರು. ಪ್ಯಾರಾ ರೂಪಕ್ಕೆ ಹುಳಿ, ಕ್ಷಾರ ಯಾವುದೂ ತಾಗುವುದಿಲ್ಲ. ಆರ್ಥೊ ಹಾಗಲ್ಲ. ಸುತ್ತ ಆಮ್ಲೀಯವಾಗಿದ್ದರೆ ಚೆನ್ನಾಗಿ ಹೊಳೆಯುತ್ತದೆ. ಕ್ಷಾರ ಜಾಸ್ತಿಯಾದರೆ ತನ್ನೊಳಗೇ ಒಂದು ಬಳೆ ಕಟ್ಟಿಕೊಂಡು ಆರಿಹೋಗುತ್ತದೆ. ಮತ್ತೆ ಹುಳಿ ಬಂದರೆ ಬಳೆ ಬಿಚ್ಚಿ ಹೊಳಪು ವಾಪಸ್. ಕೆಂಪಾದ ಅರಿಶಿನದ ನೀರಿಗೆ ನಿಂಬೆಹಣ್ಣು ಹಿಂಡಿದರೆ ಮತ್ತೆ ಹಳದಿಯಾಗುತ್ತದಲ್ಲ, ಹಾಗೆ. ತಂಡ ಆರ್ಥೊ ರೂಪವನ್ನು ಬೇರ್ಪಡಿಸಿ ಅದನ್ನೇ ಪೊರೆಗೆ ಬೆರೆಸಿತು.

ಸರಿ, ಪ್ರೋಟೀನ್ ಬಂದು ಅಂಟುವುದಕ್ಕೂ ಹುಳಿಗೂ ಏನು ಸಂಬಂಧ? ಸಂಬಂಧ ಇರುವುದು ಚಾರ್ಜ್‌ನಲ್ಲಿ. ಪ್ರೋಟೀನ್‌ಗಳ ಮೈಮೇಲೆ ಪ್ಲಸ್, ಮೈನಸ್ ಚಾರ್ಜ್‌ಗಳು ಹರಡಿರುತ್ತವೆ. ಒಟ್ಟು ಕೂಡಿಸಿದರೆ ಯಾವುದಾದರೂ ಒಂದು ಕಡೆಗೆ ವಾಲಿರುತ್ತದೆ. ಮೈನಸ್ ಕಡೆಗೆ ವಾಲಿದ ಪ್ರೋಟೀನ್ ಪೊರೆಯ ಮೇಲೆ ಕೂತರೆ ಸುತ್ತಲಿನ ಪ್ಲಸ್ ಅಯಾನುಗಳು ಅತ್ತ ಸರಿಯುತ್ತವೆ. ಅವುಗಳಲ್ಲಿ ಹೈಡ್ರೋಜನ್ ಅಯಾನೂ ಸೇರಿದೆ. ಹುಳಿ ಅನ್ನುವುದೇ ಹೈಡ್ರೋಜನ್ ಅಯಾನಿನ ಲೆಕ್ಕ. ಹಾಗಾಗಿ ಆ ಜಾಗದ ಪಿಎಚ್ (ಹುಳಿಯ ಅಳತೆ, ಹುಳಿ ಏರಿದರೆ ಇದು ಇಳಿಯುತ್ತದೆ) ಸ್ವಲ್ಪ ಇಳಿಯುತ್ತದೆ, ಆರ್ಥೊ ದೀಪಗಳು ಸ್ವಲ್ಪ ಜಾಸ್ತಿ ಹೊಳೆಯುತ್ತವೆ. ಪ್ಲಸ್ ಪ್ರೋಟೀನ್ ಬಂದರೆ ಉಲ್ಟಾ: ಹೈಡ್ರೋಜನ್ ಅಯಾನುಗಳು ದೂರ ಸರಿದು ಹೊಳಪು ಇಳಿಯುತ್ತದೆ.

ಇಲ್ಲಿ ಒಂದು ವಿಷಯ ಗಮನಿಸಿ. ಪಾತ್ರೆಯಲ್ಲಿರುವ ದ್ರವದ ಪಿಎಚ್ ಕೂದಲೆಳೆಯಷ್ಟೂ ಬದಲಾಗಿಲ್ಲ. ಬದಲಾದದ್ದು ಪೊರೆಯ ಮೈಗೆ ಅಂಟಿಕೊಂಡಂತಿರುವ ಕೆಲವೇ ನ್ಯಾನೋಮೀಟರ್ ನೀರಿನದ್ದು. ಮೈಮೇಲಿನ ವೋಲ್ಟೇಜ್ 60 ಮಿಲಿವೋಲ್ಟ್ ಅತ್ತಿತ್ತ ಆದರೆ ಅಲ್ಲಿನ ಪಿಎಚ್ ಸರಿಸುಮಾರು ಒಂದು ಅಂಕ ಏರುಪೇರಾಗುತ್ತದೆ. ಹೊರಗಿನಿಂದ ಪಿಎಚ್ ಮೀಟರ್ ಇಳಿಬಿಟ್ಟು ಇದನ್ನು ಅಳೆಯುವುದು ಕನಸಿನ ಮಾತು. ಅಲ್ಲೇ ಮನೆಮಾಡಿಕೊಂಡ ದೀಪ ಮಾತ್ರ ಹೇಳಬಲ್ಲದು.

ಕೊರತೆಯೂ ಇದೆ. ಉಪ್ಪು ಜಾಸ್ತಿ ಇರುವ ನೀರಿನಲ್ಲಿ ಚಾರ್ಜ್‌ನ ಪ್ರಭಾವ ಬಹಳ ದೂರ ಹೋಗುವುದಿಲ್ಲ. ನಮ್ಮ ರಕ್ತದಷ್ಟು ಉಪ್ಪಿದ್ದರೆ ಅದು 0.8 ನ್ಯಾನೋಮೀಟರ್‌ನಲ್ಲೇ ಬಹುಪಾಲು ಅಡಗುತ್ತದೆ. ಉಪ್ಪನ್ನು ಹದಿನೈದನೇ ಒಂದು ಭಾಗಕ್ಕೆ ಇಳಿಸಿದರೆ 3 ನ್ಯಾನೋಮೀಟರ್‌ವರೆಗೆ ಹೋಗುತ್ತದೆ. ಆದ್ದರಿಂದ ಈ ವಿಧಾನಕ್ಕೆ ಸಪ್ಪೆ ನೀರೇ ಒಳ್ಳೆಯದು. ದೇಹದೊಳಗೆ ಸಪ್ಪೆ ನೀರಿಲ್ಲ ಅನ್ನುವುದನ್ನು ಫಲಿತಾಂಶ ಓದುವಾಗ ಮರೆಯಬಾರದು. ಪ್ಲಸ್, ಮೈನಸ್ ಸರಿಸಮ ಇರುವ ಪ್ರೋಟೀನ್ ಆದರೆ ಅಂಟಿಯೂ ಸುಳಿವು ಕೊಡದೆ ಕೂತುಬಿಡಬಹುದು. ಆಗ ದ್ರವದ ಪಿಎಚ್ ಬದಲಿಸಿ, ಅದನ್ನು ಒಂದು ಕಡೆಗೆ ವಾಲಿಸಿಕೊಂಡು ನೋಡಬೇಕು.

ಇನ್ನು ಎರಡನೆಯದು, ದೂರದ ಲೆಕ್ಕ. ಎರಡು ಬಣ್ಣದ ಅಣುಗಳು ತೀರಾ ಹತ್ತಿರವಿದ್ದರೆ ಒಂದು ನುಂಗಿದ ಶಕ್ತಿ ಬೆಳಕಾಗಿ ಹೊರಬರದೆ ನೇರವಾಗಿ ಇನ್ನೊಂದಕ್ಕೆ ದಾಟುತ್ತದೆ. ಮೊದಲನೆಯದು ಮಂಕಾಗಿ ಎರಡನೆಯದು ಹೊಳೆಯುತ್ತದೆ. ಜರ್ಮನಿಯ ಥಿಯೋಡೋರ್ ಫೋರ್ಸ್ಟರ್ 1940ರ ದಶಕದಲ್ಲಿ ಇದರ ಗಣಿತ ಕೊಟ್ಟರು. ಪ್ರಯೋಗಶಾಲೆಯಲ್ಲಿ ಇದಕ್ಕೆ ಫ್ರೆಟ್ ಎಂದೇ ಹೆಸರು. ದೂರದ ಆರನೇ ಘಾತದ ಮೇಲೆ ಇದು ನಿಂತಿರುವುದರಿಂದ ವಿಪರೀತ ಚುರುಕು. ಒಂದು ಜೋಡಿಗೆ 5 ನ್ಯಾನೋಮೀಟರ್‌ನಲ್ಲಿ ಅರ್ಧ ಶಕ್ತಿ ದಾಟಿದರೆ, 10 ನ್ಯಾನೋಮೀಟರ್‌ಗೆ ಹೋದಾಗ ದಾಟುವುದು 65ರಲ್ಲಿ ಒಂದು ಪಾಲು ಮಾತ್ರ. ಹತ್ತಿರ ಬಂದರೋ ಇಲ್ಲವೋ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಕಷ್ಟ.

ಆದರೆ ಫ್ರೆಟ್‌ಗೆ ಎರಡು ಬಣ್ಣ ಬೇಕಲ್ವಾ, ಮತ್ತೆ ಪ್ರೋಟೀನ್‌ಗೆ ಬಣ್ಣ ಕಟ್ಟಬೇಕಾಯಿತಲ್ಲ ಅಂತ ಕೇಳಬಹುದು. ಬೇಕಿಲ್ಲ. ಎಷ್ಟೋ ಪ್ರೋಟೀನ್‌ಗಳಲ್ಲಿ ಟ್ರಿಪ್ಟೋಫಾನ್ ಎಂಬ ಅಮೈನೋ ಆಮ್ಲ ಹುಟ್ಟಿನಿಂದಲೇ ಇರುತ್ತದೆ. ಅದು 280 ನ್ಯಾನೋಮೀಟರ್‌ನ ಅತಿನೇರಳೆ ಬೆಳಕು ನುಂಗಿ 340ರ ಆಸುಪಾಸಿನಲ್ಲಿ ಉಗುಳುತ್ತದೆ. ಡ್ಯಾನ್ಸಿಲ್ ಎಂಬ ಬಣ್ಣ ಸರಿಯಾಗಿ ಆ 340ನ್ನೇ ತೆಗೆದುಕೊಂಡು ಹಸಿರು ಹೊಳೆಯುತ್ತದೆ. ಪೊರೆಯಲ್ಲಿ ಡ್ಯಾನ್ಸಿಲ್ ಕಟ್ಟಿದ ಲಿಪಿಡ್ ಇಟ್ಟು, ಪ್ರೋಟೀನ್ ಹಾಕಿ, 280 ಬಿಟ್ಟು, ಹಸಿರು ಏರಿತಾ ಎಂದು ನೋಡಿದರೆ ಆಯಿತು. ನರಕೋಶಗಳ ಪ್ರೋಟೀನ್‌ಗಳು ಕ್ಯಾಲ್ಸಿಯಂ ಬಂದಾಗ ಪೊರೆಯನ್ನು ಹಿಡಿಯುವುದನ್ನು ಹೀಗೆ ಅಳೆದಿದ್ದಾರೆ. ಕ್ಯಾಲ್ಸಿಯಂ ಕಿತ್ತುಕೊಂಡರೆ ಹಸಿರು ಇಳಿಯುತ್ತದೆ, ಪ್ರೋಟೀನ್ ಕೈಬಿಟ್ಟಿತು ಎಂದರ್ಥ.

ಮೂರನೆಯದು ಜನಜಂಗುಳಿ. ಬಣ್ಣದ ಅಣುಗಳು ಒತ್ತೊತ್ತಾಗಿ ಸೇರಿದರೆ ಒಂದರ ಹೊಳಪನ್ನು ಇನ್ನೊಂದು ಕೆಡಿಸುತ್ತದೆ. ಇಲ್ಲಿ ಕಾಲರಾ ವಿಷ ಮತ್ತೆ ಬರುತ್ತದೆ. ಅದರ ಉಂಗುರಕ್ಕೆ ಐದು ಹಿಡಿಗಳು, ಒಂದು ಉಂಗುರ ಐದು ಜಿಎಂ1ಗಳನ್ನು ಒಟ್ಟಿಗೆ ಹಿಡಿಯಬಲ್ಲದು. 1998ರಲ್ಲಿ ಅಮೆರಿಕದ ಲಾಸ್ ಅಲಾಮೋಸ್ ರಾಷ್ಟ್ರೀಯ ಪ್ರಯೋಗಾಲಯದವರು ಜಿಎಂ1ಗೇ ಬಣ್ಣ ಕಟ್ಟಿ ಪೊರೆಯಲ್ಲಿ ತೇಲಿಬಿಟ್ಟರು. ಚದುರಿ ತೇಲುತ್ತಿದ್ದವು ವಿಷ ಬಂದೊಡನೆ ಗುಂಪಾದವು, ಹೊಳಪಿನ ಲೆಕ್ಕ ಬದಲಾಯಿತು. ಒಂದೊಂದೇ ಹಿಡಿಯುವ ಬೇರೆ ಪ್ರೋಟೀನ್ ಬಂದರೆ ಹೀಗೆ ಗುಂಪಾಗುವುದಿಲ್ಲ. ಹಾಗಾಗಿ ಸುಮ್ನೆ ಬಂದು ತಾಕಿದ್ದಕ್ಕೂ ವಿಷಕ್ಕೂ ಇರುವ ವ್ಯತ್ಯಾಸವನ್ನು ಈ ಪೊರೆ ತಾನೇ ಗುರುತಿಸುತ್ತದೆ.

ಒಂದೇ ಬಣ್ಣದ ಅಣುಗಳ ನಡುವೆಯೂ ಶಕ್ತಿ ದಾಟುತ್ತದೆ ಅನ್ನುವುದನ್ನು ಬಳಸಿ ನಮ್ಮ ಬೆಂಗಳೂರಿನಲ್ಲೂ ದೊಡ್ಡ ಕೆಲಸ ಆಗಿದೆ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಎಲ್ಲರೂ ಎನ್‌ಸಿಬಿಎಸ್ ಅನ್ನುವ ಸಂಸ್ಥೆ, ಅಲ್ಲಿ ಸತ್ಯಜಿತ್ ಮೇಯರ್ ಅವರ ತಂಡ 1998ರಲ್ಲಿ ಇದೇ ಬಗೆಯ ಅಳತೆಯಿಂದ ಲಿಪಿಡ್ ಕೊಕ್ಕೆ ಹಾಕಿಕೊಂಡು ಪೊರೆಯಲ್ಲಿ ತೇಲುವ ಪ್ರೋಟೀನ್‌ಗಳು ಎಲ್ಲೆಂದರಲ್ಲಿ ಚದುರಿಲ್ಲ, ಪುಟ್ಟ ಪುಟ್ಟ ಗುಂಪುಗಳಲ್ಲಿವೆ ಎಂದು ತೋರಿಸಿತು. ಮಾಮೂಲಿ ಮೈಕ್ರೋಸ್ಕೋಪಿನಲ್ಲಿ ಆ ಗುಂಪುಗಳು ಕಾಣುವುದೇ ಇಲ್ಲ, ಅಷ್ಟು ಚಿಕ್ಕವು.

ಅಂಟಿತು ಅಂತ ಗೊತ್ತಾಯಿತು. ಎಷ್ಟು ಗಟ್ಟಿ? ಇದಕ್ಕೆ ಪೊರೆಯನ್ನು ಗಾಜಿನ ಮೇಲೆ ಹಾಸಿಕೊಳ್ಳುತ್ತಾರೆ. ಲಿಪಿಡ್‌ನ ಪುಟ್ಟ ಗುಳ್ಳೆಗಳನ್ನು ಚೊಕ್ಕವಾಗಿ ತೊಳೆದ ಗಾಜಿನ ಮೇಲೆ ಬಿಟ್ಟರೆ ಅವು ತಾವೇ ಒಡೆದು ಚಾಪೆಯಂತೆ ಹರಡಿಕೊಳ್ಳುತ್ತವೆ. ಗಾಜಿಗೂ ಪೊರೆಗೂ ನಡುವೆ ತೆಳುವಾದ ನೀರಿನ ಪದರ ಇರುವುದರಿಂದ ಲಿಪಿಡ್‌ಗಳು ಓಡಾಡುತ್ತಲೇ ಇರುತ್ತವೆ. ಓಡಾಡುತ್ತಿವೆಯೇ ಎಂದು ಪರೀಕ್ಷಿಸಲು ಲೇಸರ್‌ನಿಂದ ಒಂದು ಚುಕ್ಕೆಯಷ್ಟು ಜಾಗದ ದೀಪಗಳನ್ನು ಸುಟ್ಟುಹಾಕುತ್ತಾರೆ. ಅಕ್ಕಪಕ್ಕದವು ನುಗ್ಗಿ ಬಂದು ಕಪ್ಪು ಚುಕ್ಕೆ ನಿಧಾನವಾಗಿ ಮಾಯವಾದರೆ ಪೊರೆ ಚೆನ್ನಾಗಿದೆ. ಆಮೇಲೆ ಪ್ರೋಟೀನನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೊಳಪು ಬರೆದುಕೊಳ್ಳುತ್ತಾರೆ. ಮೊದಲು ಸರಸರನೆ ಬದಲಾಗಿ, ಜಾಗ ತುಂಬುತ್ತಾ ಬಂದಂತೆ ನಿಂತುಬಿಡುತ್ತದೆ. ಅರ್ಧ ಜಾಗ ಭರ್ತಿಯಾಗಲು ಎಷ್ಟು ಸಾಂದ್ರತೆ ಬೇಕಾಯಿತೋ ಅದೇ ಹಿಡಿತದ ಅಳತೆ. ಸಂಖ್ಯೆ ಚಿಕ್ಕದಾದಷ್ಟೂ ಹಿಡಿತ ಗಟ್ಟಿ.

ಇಂಥ ಅಳತೆ ಕೆಲವೊಮ್ಮೆ ಚೆನ್ನಾಗಿ ಮೂರ್ಖರನ್ನಾಗಿಸುತ್ತದೆ. ಪೊರೆಯಲ್ಲಿ ಜಿಎಂ1 ಜಾಸ್ತಿಯಾದಷ್ಟೂ ಕಾಲರಾ ವಿಷ ಗಟ್ಟಿಯಾಗಿ ಹಿಡಿಯಬೇಕು, ಅಲ್ವಾ? 2007ರಲ್ಲಿ ಕ್ರೀಮರ್ ತಂಡವೇ ಜಿಎಂ1 ಪ್ರಮಾಣವನ್ನು ಶೇಕಡ 0.02ರಿಂದ 10ರವರೆಗೆ ಏರಿಸಿ ನೋಡಿತು. ಏರಿಸಿದಷ್ಟೂ ಹಿಡಿತ ಸಡಿಲವಾಯಿತು! ಜಾಸ್ತಿಯಾದಾಗ ಜಿಎಂ1ಗಳು ತಮ್ಮತಮ್ಮಲ್ಲೇ ಗುಂಪುಕಟ್ಟಿಕೊಂಡು, ವಿಷದ ಕೈಗೆ ಸಿಗುವುದು ಕಷ್ಟವಾಗುತ್ತದೆ. ಆ ಗುಂಪುಗಳನ್ನು ಬೇರೊಂದು ಸೂಕ್ಷ್ಮದರ್ಶಕದಲ್ಲಿ ನೇರವಾಗಿ ನೋಡಿಯೂ ಖಚಿತಪಡಿಸಿಕೊಂಡರು. ಆ ಪ್ರಯೋಗದಲ್ಲಿ ಅವರು ಬಣ್ಣ ಕಟ್ಟಿದ್ದು ಹಳೇ ಪದ್ಧತಿಯಂತೆ ವಿಷದ ಉಂಗುರಕ್ಕೇ, ಲಿಪಿಡ್‌ಗಲ್ಲ. ಒಂದು ವಿಧಾನ ಬಂತೆಂದು ಇನ್ನೊಂದನ್ನು ಬಿಸಾಕಬೇಕಿಲ್ಲ.

ಹೊಳೆಯುವ ಲಿಪಿಡ್ ಕೂಡ ಪೂರ್ತಿ ಸಾಚಾ ಅಲ್ಲ. ಬಣ್ಣ ಕಟ್ಟಿದ ಮೇಲೆ ಅದು ಮೊದಲಿನ ಲಿಪಿಡ್ ಆಗಿ ಉಳಿಯುವುದಿಲ್ಲ. ಎನ್‌ಬಿಡಿ ಎಂಬ ಬಹಳ ಬಳಕೆಯ ಬಣ್ಣವಿದೆ. ಇದನ್ನು ಲಿಪಿಡ್‌ನ ಬಾಲಕ್ಕೆ ಕಟ್ಟಿದರೆ ಪೊರೆಯ ಒಳಗೆ ಎಣ್ಣೆಯ ನಡುವೆ ಕೂರುತ್ತದೆ ಎಂದುಕೊಳ್ಳುವುದು ಸಹಜ. ಆದರೆ ಎನ್‌ಬಿಡಿಗೆ ಎಣ್ಣೆ ಸೇರದು. ಬಾಲ ಬಾಗಿಕೊಂಡು ಬಣ್ಣ ಪೊರೆಯ ಮೇಲ್ಮೈಗೆ, ನೀರಿನ ಹತ್ತಿರಕ್ಕೆ ಬಂದು ನಿಲ್ಲುತ್ತದೆ. ಪೊರೆಯಲ್ಲಿ ಬಣ್ಣ ಎಷ್ಟು ಆಳದಲ್ಲಿದೆ ಎಂದು ಅಳೆಯುವ ವಿಧಾನವನ್ನು 1987ರಲ್ಲಿ ಅಮಿತಾಭ ಚಟ್ಟೋಪಾಧ್ಯಾಯ ಮತ್ತು ಎರ್ವಿನ್ ಲಂಡನ್ ಕೊಟ್ಟ ಮೇಲೆ ಇಂಥ ವಿಷಯಗಳು ನಿಚ್ಚಳವಾದವು. ಚಟ್ಟೋಪಾಧ್ಯಾಯರು ಆಮೇಲೆ ಹೈದರಾಬಾದಿನ ಸಿಸಿಎಂಬಿ ಎಂಬ ಸಂಶೋಧನಾ ಸಂಸ್ಥೆಯಲ್ಲಿ ದಶಕಗಳ ಕಾಲ ಇದೇ ಎನ್‌ಬಿಡಿ ಲಿಪಿಡ್‌ಗಳ ಗುಟ್ಟು ಬಿಡಿಸುತ್ತಾ ಹೋದರು. ನೀರು ಕಂಡರೆ ಮಂಕಾಗಿ, ನೀರು ಸರಿದರೆ ಹೊಳೆಯುವುದು ಎನ್‌ಬಿಡಿಯ ಗುಣ. ಪ್ರೋಟೀನ್ ಕೂತು ನೀರನ್ನು ತಳ್ಳಿದರೆ ಅದೂ ಒಂದು ಸುಳಿವೇ, ಆದರೆ ಬಣ್ಣ ಎಲ್ಲಿ ನಿಂತಿದೆ ಎಂದು ತಿಳಿದವರಿಗೆ ಮಾತ್ರ.

ಅದಕ್ಕೇ ಪ್ರತಿ ಪ್ರಯೋಗಕ್ಕೂ ಒಂದು ಜೋಡಿ ಪ್ರಯೋಗ ಬೇಕು. ಜಿಎಂ1 ಇಲ್ಲದ ಬರೀ ಪೊರೆಯ ಮೇಲೆ ವಿಷ ಹಾಕಿದಾಗಲೂ ಹೊಳಪು ಬದಲಾದರೆ ನೀವು ನೋಡುತ್ತಿರುವುದು ಬೇರೇನನ್ನೋ. ಪಿಎಚ್ ಲೆಕ್ಕದಲ್ಲಾದರೆ ಆ ಮೊಂಡು ಪ್ಯಾರಾ ರೂಪ ಇಲ್ಲಿ ಕೆಲಸಕ್ಕೆ ಬರುತ್ತದೆ: ಅದೂ ಮಂಕಾದರೆ ಕಾರಣ ಹುಳಿಯಲ್ಲ, ಬಣ್ಣ ಲೇಸರಿಗೆ ಸುಟ್ಟುಹೋಗಿರಬಹುದು, ಅಥವಾ ಏನೋ ಬಂದು ಬೆಳಕು ನುಂಗುತ್ತಿರಬಹುದು.

ಆ ಏನೋ ತಾಮ್ರವೂ ಆಗಿರಬಹುದು. ತಾಮ್ರದ ಅಯಾನು ಅನ್ನುವುದು ಒಂದೇ ಒಂದು ಪರಮಾಣು, ಅದಕ್ಕೆ ಬಣ್ಣ ಕಟ್ಟುವ ಮಾತೇ ಇಲ್ಲ. 2012ರಲ್ಲಿ ಕ್ರೀಮರ್ ತಂಡ ಫಾಸ್ಫಟಿಡಿಲ್‌ಸೆರೀನ್ ಎಂಬ ಲಿಪಿಡ್ ಇರುವ ಪೊರೆಗೆ ತಾಮ್ರ ಹಾಕಿದಾಗ ಅಲ್ಲಿನ ದೀಪಗಳು ಆರತೊಡಗಿದವು. ಎರಡು ಲಿಪಿಡ್ ಸೇರಿ ಒಂದು ತಾಮ್ರವನ್ನು ಹಿಡಿಯುತ್ತಿದ್ದವು. ಹಿಡಿತವೋ ಫೆಮ್ಟೋಮೋಲಾರ್ ಲೆಕ್ಕದ್ದು, ಅಂದರೆ ಅರ್ಧ ಜಾಗ ತುಂಬಲು ಬೇಕಾದ ಸಾಂದ್ರತೆ ತೀರಾ ಅತ್ಯಲ್ಪ, ಜೀವಶಾಸ್ತ್ರದಲ್ಲಿ ಅಪರೂಪದ ಗಟ್ಟಿತನ. ಕ್ಷಾರದ ನೀರಿನಲ್ಲಿ ಹೊಳಪು ಶೇಕಡ 85ರಿಂದ 90ರಷ್ಟು ಆರುತ್ತಿತ್ತು, ತಾಮ್ರ ಬಹಳ ಕಡಿಮೆಯಿದ್ದರೆ ಆರಲು ಗಂಟೆಗಳೇ ಹಿಡಿಯುತ್ತಿದ್ದವು. ಹುಳಿ ಹಾಕಿದರೆ ಅದಕ್ಕಿಂತ ಎಷ್ಟೋ ಪಟ್ಟು ಬೇಗ ದೀಪಗಳು ಮತ್ತೆ ಹತ್ತಿಕೊಳ್ಳುತ್ತಿದ್ದವು. ಈ ಲಿಪಿಡ್ ಹಾಕಿ ಬೇರೆ ಯಾವುದೋ ಪ್ರೋಟೀನ್‌ನ ಹಿಡಿತ ಅಳೆಯಲು ಕೂತವರು, ದೀಪ ಮಂಕಾದ ಕೂಡಲೇ ಪ್ರೋಟೀನ್ ಅಂಟಿತು ಎಂದು ಬರೆದುಕೊಳ್ಳುವ ಮೊದಲು, ತಾವು ಬಳಸಿದ ನೀರಿನಲ್ಲಿ ಒಂದಿಷ್ಟು ತಾಮ್ರ ಸೇರಿಕೊಂಡಿದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು.